ನೇರ ಡಿಕ್ಕಿಯಿಲ್ಲದ ರಸ್ತೆ ಅಪಘಾತ: ತಪ್ಪಿನ ಹೊಣೆ ಮತ್ತು ವಿಮಾ ಪರಿಹಾರ

ಗದಗ-ಬೆಟಗೇರಿ ನಗರ ಹಾಗೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ವಿಷಯ

ಉದಾಹರಣೆಗೆ, ಮುಂಡರಗಿ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೊಲದ ದಾರಿಯಿಂದ ಯಾವುದೇ ಸೂಚನೆ ನೀಡದೆ ಮುಖ್ಯರಸ್ತೆಗೆ ಬರುತ್ತದೆ. ಅದನ್ನು ತಪ್ಪಿಸಲು ಹೋದ ಬೈಕ್ ಸವಾರನು ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ವಾಹನಗಳು ಪರಸ್ಪರ ತಾಗಿರುವುದಿಲ್ಲ. ಇಂತಹ ಸಂದರ್ಭದಲ್ಲಿ ಸವಾರನು ತಾನಾಗಿಯೇ ಬಿದ್ದನೆಂಬ ಕಾರಣ ನೀಡಿ ಎದುರು ವಾಹನದ ವಿಮಾ ಕಂಪನಿಯು ಹೊಣೆಯನ್ನು ನಿರಾಕರಿಸುವುದುಂಟು.

2. ಕಾನೂನಿನ ಸ್ಥಿತಿ

ಮೋಟಾರು ವಾಹನಗಳ ಅಧಿನಿಯಮ, 1988ರಲ್ಲಿ ಮೋಟಾರು ವಾಹನದ ಬಳಕೆಯಿಂದ ಉಂಟಾದ ಅಪಘಾತವೆಂದು ಹೇಳಿದೆಯೇ ಹೊರತು, ವಾಹನ ತಾಗಿರಲೇಬೇಕೆಂದು ಹೇಳಿಲ್ಲ. 1987ರಲ್ಲಿ ಮಹಾರಾಷ್ಟ್ರದ ಹೆದ್ದಾರಿಯಲ್ಲಿ ಉರುಳಿದ ಪೆಟ್ರೋಲ್ ಟ್ಯಾಂಕರ್ ಸುಮಾರು 4 ಗಂಟೆಗಳ ನಂತರ ಹೊತ್ತಿಕೊಂಡು ಜನ ಮೃತಪಟ್ಟ ಪ್ರಕರಣದಲ್ಲಿ, ಅದೂ ವಾಹನದ ಬಳಕೆಯಿಂದಾದ ಅಪಘಾತವೇ ಎಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ತೀರ್ಮಾನಿಸಿತು.

ಆದರೆ ಎದುರು ವಾಹನದ ಚಲನೆಯೇ ಬೀಳುವುದಕ್ಕೆ ಕಾರಣವೆಂದು ಅರ್ಜಿದಾರರು ತೋರಿಸತಕ್ಕದ್ದು. ಅಪರಾಧ ಪ್ರಕರಣದಷ್ಟು ಕಟ್ಟುನಿಟ್ಟಿನ ಸಾಬೀತು ಅಗತ್ಯವಿಲ್ಲ; ಸಂಭವನೀಯತೆಯ ಆಧಾರದ ಮೇಲೆ ತೀರ್ಮಾನಿಸಲಾಗುತ್ತದೆ. ಸವಾರನದೂ ತಪ್ಪಿದ್ದಲ್ಲಿ ಆ ಪ್ರಮಾಣದಷ್ಟು ಪರಿಹಾರ ಕಡಿತವಾಗುತ್ತದೆ. ಪರಿಹಾರ ರೂ. 4,00,000 ಹಾಗೂ ಸವಾರನ ತಪ್ಪು ಶೇ. 25 ಆದಲ್ಲಿ, ದೊರೆಯುವ ಮೊತ್ತ ರೂ. 3,00,000.

3. "ತಾನಾಗಿ ಬಿದ್ದ" ಎಂಬ ದಾಖಲೆಯ ಪರಿಣಾಮ

ಎದುರು ಮೋಟಾರು ವಾಹನದ ಪಾತ್ರ ಕಂಡುಬರದಿದ್ದಲ್ಲಿ, ಸವಾರನ ಸ್ವಂತ ವಾಹನದ ಮೂರನೇ ವ್ಯಕ್ತಿ ವಿಮೆಯಿಂದ ಅವನಿಗೆ ಪರಿಹಾರ ದೊರೆಯುವುದಿಲ್ಲ. ಇಳಕಲ್‌ನಿಂದ ಗುಡೂರಿಗೆ ಎರವಲು ಬೈಕಿನಲ್ಲಿ ಹೋಗುತ್ತಿದ್ದವರು ಮುಂದಿನ ಎತ್ತಿನ ಗಾಡಿಗೆ ಡಿಕ್ಕಿಯಾಗಿ ಮೃತಪಟ್ಟ ಪ್ರಕರಣದಲ್ಲಿ, ಎರವಲು ಪಡೆದವರು ಮಾಲೀಕರ ಸ್ಥಾನದಲ್ಲಿರುತ್ತಾರೆಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಆದುದರಿಂದ ಮೊದಲ ದಿನದ ದಾಖಲೆಗಳು ಅತಿ ಮುಖ್ಯ.

4. ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು

ಅ) 112ಕ್ಕೆ ಕರೆ ಮಾಡುವುದು, ಎದುರು ವಾಹನದ ನೋಂದಣಿ ಸಂಖ್ಯೆಯನ್ನು ಬರೆದುಕೊಳ್ಳುವುದು.
ಆ) ಆಸ್ಪತ್ರೆಯಲ್ಲಿ ಅಪಘಾತದ ವಿವರ ಹೇಳುವಾಗ ಎದುರು ವಾಹನದ ವಿಷಯವನ್ನು ತಪ್ಪದೆ ತಿಳಿಸುವುದು. ಗಾಯಾಳುವಿಗೆ ಪ್ರಜ್ಞೆ ಇಲ್ಲದಿದ್ದಲ್ಲಿ ಜೊತೆಗಿದ್ದವರು, ತಾವು ಕಂಡದ್ದನ್ನು ಮಾತ್ರ ತಿಳಿಸುವುದು.
ಇ) ಟೈರ್ ಗುರುತು ಹಾಗೂ ವಾಹನಗಳಿದ್ದ ಸ್ಥಳದ ಛಾಯಾಚಿತ್ರ ತೆಗೆಯುವುದು, ಪ್ರತ್ಯಕ್ಷದರ್ಶಿಗಳ ಹೆಸರು ಪಡೆಯುವುದು, ಸಮೀಪದ ಅಂಗಡಿ, ಪೆಟ್ರೋಲ್ ಬಂಕ್‌ಗಳ ಸಿ.ಸಿ. ಕ್ಯಾಮರಾ ದೃಶ್ಯ ಅಳಿಸಿಹೋಗುವ ಮುನ್ನ ಸಂಗ್ರಹಿಸುವಂತೆ ಪೊಲೀಸರಿಗೆ ಲಿಖಿತವಾಗಿ ಕೋರುವುದು.
ಈ) ಠಾಣೆಯಲ್ಲಿ ದೂರು ನೀಡಿ ಪ್ರಥಮ ವರ್ತಮಾನ ವರದಿಯ ಉಚಿತ ಪ್ರತಿ ಪಡೆಯುವುದು. ದೂರು ದಾಖಲಿಸಿಕೊಳ್ಳದಿದ್ದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಅಂಚೆ ಮೂಲಕ ಸಲ್ಲಿಸಬಹುದು.

5. ಅರ್ಜಿ ಸಲ್ಲಿಕೆ

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಪ್ರಕರಣ 166ರಡಿ ಅರ್ಜಿ ಸಲ್ಲಿಸಬಹುದು. ಅಪಘಾತವಾದ ಸ್ಥಳ, ಅರ್ಜಿದಾರರ ವಾಸಸ್ಥಳ ಅಥವಾ ಎದುರುದಾರರ ವಾಸಸ್ಥಳ, ಈ ಪೈಕಿ ಯಾವುದಾದರೊಂದರ ನ್ಯಾಯಮಂಡಳಿಯನ್ನು ಆಯ್ದುಕೊಳ್ಳಬಹುದು. 2022ರ ಏಪ್ರಿಲ್ 1ರಿಂದ 6 ತಿಂಗಳ ಕಾಲಮಿತಿಯ ನಿಯಮ ಜಾರಿಗೆ ಬಂದಿರುವುದರಿಂದ ಆ ಅವಧಿಯೊಳಗೆ ಸಲ್ಲಿಸುವುದೇ ಕ್ಷೇಮ. ತಪ್ಪನ್ನು ಸಾಬೀತುಪಡಿಸುವುದು ಕಷ್ಟವಾದಲ್ಲಿ ಪ್ರಕರಣ 164ರಡಿ ಮರಣಕ್ಕೆ ರೂ. 5,00,000, ತೀವ್ರ ಗಾಯಕ್ಕೆ ರೂ. 2,50,000 ಕೋರಬಹುದು, ಇಲ್ಲಿಯೂ ಎದುರು ವಾಹನದ ಪಾತ್ರ ತೋರಿಸತಕ್ಕದ್ದು. ತೀರ್ಪಿನ ವಿರುದ್ಧ 90 ದಿನಗಳೊಳಗೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದು.

6. ವಾಹನ ಪತ್ತೆಯಾಗದಿದ್ದಲ್ಲಿ

ವಾಹನವು ನಿಲ್ಲದೆ ಹೋಗಿ, ಪ್ರಯತ್ನಿಸಿದರೂ ಗುರುತು ಸಿಗದಿದ್ದಲ್ಲಿ, 2022ರ ಯೋಜನೆಯಡಿ ಮರಣಕ್ಕೆ ರೂ. 2,00,000 ಹಾಗೂ ತೀವ್ರ ಗಾಯಕ್ಕೆ ರೂ. 50,000 ಪರಿಹಾರವಿದೆ. ಅರ್ಜಿಯನ್ನು ಅಪಘಾತವಾದ ಸ್ಥಳದ ಉಪವಿಭಾಗ ಅಥವಾ ತಾಲ್ಲೂಕಿನ ಕ್ಲೇಮು ವಿಚಾರಣಾಧಿಕಾರಿಗೆ ಸಲ್ಲಿಸತಕ್ಕದ್ದು.

7. ಉಚಿತ ಕಾನೂನು ನೆರವು

ಮಹಿಳೆಯರು, ಮಕ್ಕಳು, ಅಂಗವಿಕಲರು ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ಸೇವೆಗೆ ಅರ್ಹರು. ಗದಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ ಸಹಾಯವಾಣಿ 15100ನ್ನು ಸಂಪರ್ಕಿಸಬಹುದು. ವಿಮಾ ಕಂಪನಿಯು ಬಾಯಿಮಾತಿನಲ್ಲಿ ನಿರಾಕರಿಸಿತೆಂದು ಹಕ್ಕನ್ನು ಕೈಬಿಡದೆ, ನ್ಯಾಯಮಂಡಳಿಯ ಪ್ರಯೋಜನ ಪಡೆದುಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.