ಕೆಜಿಎಫ್–ಬಂಗಾರಪೇಟೆಯಲ್ಲಿ ಆನ್‌ಲೈನ್ ದೇಣಿಗೆ: ಲೆಕ್ಕಕ್ಕೆ ಬಾರದ ಮೂವತ್ತು ವರ್ಷ

ಸ್ವಯಂಸೇವಾ ಸಂಸ್ಥೆಗಳ ಆನ್‌ಲೈನ್ ದೇಣಿಗೆಯ ಬಗ್ಗೆ ಈಚೆಗೆ ಬರುತ್ತಿರುವ ಬರಹಗಳು 2016ರ ಯುಪಿಐಯಿಂದ ಶುರುವಾಗಿ ವಾಟ್ಸ್ಆ್ಯಪ್‌ನಲ್ಲಿ ಮುಗಿಯುತ್ತವೆ. ಅದಕ್ಕೂ ಮೊದಲು ಸಣ್ಣ ಊರಿನ ಸಂಸ್ಥೆಗಳಿಗೆ ಲೆಕ್ಕ ಇಡುವುದೂ ಗೊತ್ತಿರಲಿಲ್ಲ, ಜನರಿಗೆ ತಮ್ಮ ಮಾತು ಮುಟ್ಟಿಸುವುದೂ ಗೊತ್ತಿರಲಿಲ್ಲ ಎಂಬ ಭಾವನೆ ಅವುಗಳ ಸಾಲುಸಾಲಿನಲ್ಲಿದೆ. ಬಂಗಾರಪೇಟೆ, ಕೆಜಿಎಫ್ ಸುತ್ತಲಿನ ಸಂಘಗಳ ಜೊತೆಗೇ ತಲೆ ನರೆತ ನನಗೆ ಇದನ್ನು ಒಪ್ಪಲಾಗುವುದಿಲ್ಲ.

ಹಳೆಯ ಕಾಲವನ್ನು ಚುಟುಕಾಗಿ ಹೇಳಿಬಿಡಬಹುದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿ (ಕೆಜಿಎಫ್) ನಡೆಸತೊಡಗಿದ ಮೇಲೆ ಇಲ್ಲಿಗೆ ಬಂದ ಕೂಲಿಗಳು ಚರ್ಚು, ಬೌದ್ಧ ಸಂಘ, ಕಾರ್ಮಿಕ ಸಂಘಗಳ ಹೆಸರಿನಲ್ಲಿ ಚಂದಾ ಎತ್ತಿದರು. ಮದ್ರಾಸಿನಲ್ಲಿ ಅಯೋತಿದಾಸ ಪಂಡಿತರು 1907ರಲ್ಲಿ ಹೊರಡಿಸಿದ ‘ತಮಿಳನ್’ ವಾರಪತ್ರಿಕೆಗೆ ಮಾರಿಕುಪ್ಪಂ ಕಡೆಯ ಗಣಿ ಕಾರ್ಮಿಕರ ವಸತಿ ಲೈನುಗಳಲ್ಲಿ ಓದುಗರಿದ್ದರು. ಪಂಡಿತರು ತೀರಿಕೊಂಡು ಕೆಲವು ವರ್ಷಗಳ ಮೇಲೆ ಅದೇ ಪತ್ರಿಕೆ ಕೆಜಿಎಫ್‌ನಿಂದಲೇ ಹೊರಬಂತು.

ನಿಜವಾದ ತಿರುವು ನಮ್ಮ ಕಾಲದ್ದು. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಲ್ಲಿ ನೆಲೆಯೂರಿತ್ತು. ಹತ್ತಿಪ್ಪತ್ತು ಹೆಂಗಸರು ಕೂತು ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಕೊಟ್ಟುಕೊಂಡು, ನಡೆದದ್ದನ್ನೆಲ್ಲ ಠರಾವು ಪುಸ್ತಕದಲ್ಲಿ ಬರೆಸುವ ರೂಢಿ ಬೆಳೆಯಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆಂದು ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1991–92ರಲ್ಲಿ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ, ಕಾರ್ಪೊರೇಷನ್ ಬ್ಯಾಂಕಿನ ಆಂಡರ್ಸನ್‌ಪೇಟೆ ಶಾಖೆಗಳು ಇಂಥ ಮಹಿಳಾ ಸಂಘಗಳಿಗೆ ನೇರವಾಗಿ ಕೊಟ್ಟ ಸಾಲಗಳು ದೇಶದಲ್ಲೇ ಮೊದಮೊದಲಿನವು. ನಬಾರ್ಡ್ 500 ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ರಾಷ್ಟ್ರಮಟ್ಟದ ಯೋಜನೆ ಸಾರಿದ್ದು 1992ರ ಫೆಬ್ರವರಿಯಲ್ಲಿ. ಅಡಮಾನವಿಲ್ಲದೆ ಹಣ ಕೊಟ್ಟ ಮ್ಯಾನೇಜರ್ ನೆಚ್ಚಿದ್ದು ಆ ಠರಾವು ಪುಸ್ತಕವನ್ನು. ಇಂದು ದಾನಿಗಳ ಮುಂದೆ ಪಾರದರ್ಶಕತೆ ಎಂದು ಮಾರುತ್ತಿರುವ ಗುಣವನ್ನು ಹೆಬ್ಬೆಟ್ಟಿನ ಸಹಿಯ ಹೆಂಗಸರು ಆಗಲೇ ರೂಢಿಸಿಕೊಂಡಿದ್ದರು. 2008ರಲ್ಲಿ ‘ರಂಗ್ ದೇ’, 2010ರಲ್ಲಿ ಬೆಂಗಳೂರಿನ ‘ಮಿಲಾಪ್’ ನಗರದವರ ಸಣ್ಣ ಮೊತ್ತವನ್ನು ಹಳ್ಳಿಯ ಸಾಲಗಾರರಿಗೆ ಅಂತರ್ಜಾಲದ ಮೂಲಕ ತಲುಪಿಸಲು ಹೊರಟವು. ಬಡ ಹೆಂಗಸರು ಸಾಲ ತೀರಿಸುತ್ತಾರೆ ಎಂಬ ನಂಬಿಕೆಯನ್ನು ಅಷ್ಟರಲ್ಲಾಗಲೇ ಇಂಥ ಸಂಘಗಳು ಗಳಿಸಿಕೊಟ್ಟಿದ್ದವು.

ಬಾಗೇಪಲ್ಲಿಯ ಮಾತನ್ನೂ ಇಲ್ಲೇ ಹೇಳಬೇಕು. 2007ರವರೆಗೆ ಅದೂ ಕೋಲಾರ ಜಿಲ್ಲೆಯೇ. ಅಲ್ಲಿ ಅಡಾಟ್ಸ್ ಸಂಸ್ಥೆ ಮತ್ತು ಕೂಲಿ ಸಂಘಟನೆ 5,500 ಮನೆಗಳಿಗೆ ಗೋಬರ್ ಗ್ಯಾಸ್ ಕೊಡುವ ಯೋಜನೆಯನ್ನು 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಡಿ ನೋಂದಾಯಿಸಿದವು. ಯಾವ ಮನೆಯ ಒಲೆ ಉರಿಯುತ್ತಿದೆ, ಯಾವುದು ಕೆಟ್ಟು ನಿಂತಿದೆ ಎಂಬ ವಿವರ ಕಂಪ್ಯೂಟರಿಗೇರಿತು. ಉಳಿಸಿದ ಇಂಗಾಲದ ಬಾಬ್ತು ಹೊರದೇಶದಿಂದ ದುಡ್ಡು ಬಂತು. ಕರುಣೆ ಹುಟ್ಟಿಸುವ ಫೋಟೊ ಅಲ್ಲಿ ಬೇಕಾಗಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಭಾಗದಲ್ಲಿ ಕಂಪ್ಯೂಟರ್ ಬಳಸಿ ಹಣ ಕೂಡಿಸಿದ ಅತಿ ಗೌರವದ ಮಾದರಿ ಇದೇ.

ಅರಿವು ಮೂಡಿಸುವ ಕೆಲಸಕ್ಕೆ ಕೆಜಿಎಫ್ ಕೊಟ್ಟ ಕಾಣಿಕೆ ಇನ್ನೂ ದೊಡ್ಡದು. ಗಣಿಯ ಟೌನ್‌ಶಿಪ್ಪಿನ ಒಣ ಪಾಯಖಾನೆಗಳಲ್ಲಿ ಮಲ ಬಾಚುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ 1986ರಿಂದ ಆಡಳಿತಕ್ಕೆ, ಮಂತ್ರಿಗಳಿಗೆ ಪತ್ರ ಬರೆಯುತ್ತಾ ಹೋದರು. ಒಣ ಪಾಯಖಾನೆಯೇ ಇಲ್ಲವೆಂದು ಆಡಳಿತ ಹೇಳಿದಾಗ ಫೋಟೊ ತೆಗೆದರು. ತೊಂಬತ್ತರ ದಶಕದ ಮೊದಲಲ್ಲಿ ಅವು ಡೆಕ್ಕನ್ ಹೆರಾಲ್ಡ್‌ನಲ್ಲಿ ಅಚ್ಚಾದ ಮೇಲೆ ವಿಷಯ ಸಂಸತ್ತಿಗೆ ಹೋಯಿತು. ಅವರೂ ಸೇರಿ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಜೊತೆಗೆ ಒಯ್ದದ್ದು ಊರೂರಿನಲ್ಲಿ ಕೂಡಿಸಿದ ಇಂಥದೇ ಸಾಕ್ಷ್ಯ. ತೀರ್ಪು ಬಂದದ್ದು 2014ರ ಮಾರ್ಚಿನಲ್ಲಿ. 2022ರಲ್ಲಿ ಚರಂಡಿಗಳಲ್ಲಿನ ಸಾವಿನ ವಿರುದ್ಧ ‘ನಮ್ಮನ್ನು ಕೊಲ್ಲಬೇಡಿ’ ಎಂಬ ಕೂಗು ಬೀದಿಯಲ್ಲೂ ಹ್ಯಾಷ್‌ಟ್ಯಾಗಿನಲ್ಲೂ ಎದ್ದಾಗ ಅದರ ಹಿಂದೆ ಮೂರು ದಶಕಗಳ ಕಡತಗಳಿದ್ದವು. ಕಡತವಿಲ್ಲದ ಹ್ಯಾಷ್‌ಟ್ಯಾಗುಗಳು ವಾರ ದಾಟದೆ ಸತ್ತದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 2000ದಲ್ಲಿ ದೇಣಿಗೆ ತಾಣ ಗಿವ್‌ಇಂಡಿಯಾ, 2012ರಲ್ಲಿ ಕೆಟ್ಟೊ, 2014ರ ಏಪ್ರಿಲ್‌ನಿಂದ ಕಂಪನಿಗಳ ಸಾಮಾಜಿಕ ಹೊಣೆಯ ಸಿಎಸ್‌ಆರ್ ಹಣ. 2021ರ ಕೋವಿಡ್ ಅಲೆಯಲ್ಲಿ, ಇಪ್ಪತ್ತು ವರ್ಷ ಬಾಗಿಲು ಮುಚ್ಚಿದ್ದ ಗಣಿ ಕಂಪನಿ ಬಿಜಿಎಂಎಲ್‌ನ ಆಸ್ಪತ್ರೆಯನ್ನು ಸ್ವಯಂಸೇವಕರು ತೊಳೆದು ಮತ್ತೆ ಹಾಸಿಗೆ ಹಾಕಿದ ಚಿತ್ರಗಳು ಫೋನಿನಿಂದ ಫೋನಿಗೆ ಓಡಿದವು. ಊರಿನವರಿಗೆ ಅದು ನಿಜವಾದ ಹೆಮ್ಮೆ.

ಇದೇ ಹೊತ್ತಿಗೆ ಆನ್‌ಲೈನ್ ವ್ಯವಸ್ಥೆ ಸಣ್ಣ ಸಂಸ್ಥೆಗಳ ಕತ್ತನ್ನೂ ಹಿಡಿಯಿತು. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ 80ಜಿ ತೆರಿಗೆ ವಿನಾಯಿತಿ 2017ರಿಂದ ಇಲ್ಲ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಮೇಲೆ ಅಂಥ ದೇಣಿಗೆ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಬೀಳಬೇಕು. ದೊಡ್ಡ ಸಂಸ್ಥೆ ಅದರಲ್ಲಿ ಒಂದು ಪಾಲನ್ನು ಸಣ್ಣದಕ್ಕೆ ದಾಟಿಸುವಂತಿಲ್ಲ. ಬೆಂಗಳೂರಿನ ಸಂಸ್ಥೆಗಳ ಆಸರೆಯಲ್ಲಿದ್ದ ಹಳ್ಳಿ ಸಂಘಗಳಿಗೆ ಬಿದ್ದ ದೊಡ್ಡ ಪೆಟ್ಟು ಇದು. ಅದರ ಮೇಲೆ ನೀತಿ ಆಯೋಗದ ದರ್ಪಣ್ ನೋಂದಣಿ, ಕಂಪನಿ ಹಣ ಪಡೆಯಲು ಸಿಎಸ್‌ಆರ್-1, ಪ್ರತಿ ಮೇ ತಿಂಗಳ ಕೊನೆಯೊಳಗೆ ದಾನಿಗಳ ವಿವರದ 10ಬಿಡಿ ನಮೂನೆ. ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಕನ್ನಡ, ತಮಿಳು, ತೆಲುಗಿನಲ್ಲಿ ಕೆಲಸ ಮಾಡುವ ಸಂಘವೊಂದು ಇಂಗ್ಲಿಷಿನ ನಮೂನೆ ತುಂಬಿಸಲು ಆಡಿಟರಿಗೆ ಕೊಡುವ ಫೀಸು ಯಾವ ದಾನಿಯ ಲೆಕ್ಕದಲ್ಲೂ ಸೇರುವುದಿಲ್ಲ.

ಇನ್ನು ಹಣ ಕೂಡಿಸುವ ವೇದಿಕೆಗಳು. ಒಂದು ಮಗು, ಒಂದು ಆಪರೇಷನ್, ಇಂತಿಷ್ಟು ದಿನ ಎಂದರೆ ಹಣ ಬರುತ್ತದೆ. ಬರಲಿ, ಎಷ್ಟೋ ಜೀವ ಉಳಿದಿವೆ. ಸಿಲಿಕೋಸಿಸ್ ಎಂಬ ಗಣಿ ಕಾರ್ಮಿಕರ ಕಾಯಿಲೆಗೆ ಮಾತ್ರ ಅಂಥ ಗಡುವಿಲ್ಲ. ಬೆಣಚುಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು, ಗಣಿ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಉಸಿರು ಕಟ್ಟಿಸುತ್ತದೆ. ಮೈಸೂರು ಸಂಸ್ಥಾನ 1940ರಲ್ಲೇ ಇದಕ್ಕಾಗಿ ನಿಯಮ ಮಾಡಿತ್ತು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು, ಕಾಯಿಲೆ ಮುಚ್ಚಲಿಲ್ಲ. ಗಾಳಿಕಾಲದಲ್ಲಿ ಅದಿರು ಸಂಸ್ಕರಿಸಿ ಉಳಿದ ಸೈನೈಡ್ ದಿಬ್ಬಗಳಿಂದ ಏಳುವ ದೂಳನ್ನು ಈಗಲೂ ಲೈನುಗಳ ಮಕ್ಕಳು ಉಸಿರಾಡುತ್ತಿದ್ದಾರೆ. ಈ ಬಗ್ಗೆ ನಾವು ಕಳಿಸಿದ ಟಿಪ್ಪಣಿಯನ್ನು ಓದಿದ ವೇದಿಕೆಯೊಂದರವರು, ಚೆನ್ನಾಗಿದೆ, ಆದರೆ ಒಂದೇ ಮುಖದ ಕಥೆ ಕೊಡಿ ಎಂದರು.

2018ರ ‘ಕೆಜಿಎಫ್’ ಸಿನಿಮಾದ ಮೇಲೆ ಕ್ಯಾಮೆರಾ ಹಿಡಿದು ಬಂದವರು ಗಣಿಯ ಶಾಫ್ಟನ್ನೂ ದಿಬ್ಬಗಳನ್ನೂ ಲಕ್ಷಾಂತರ ಜನರಿಗೆ ತೋರಿಸಿದ್ದಾರೆ. ಉರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಲೈನುಗಳಲ್ಲಿ ಮನೆಮನೆಗೆ ಹೋಗಿ ಹಳೆಯ ಗಣಿ ಕಾರ್ಮಿಕರನ್ನು ಎಣಿಸಿ, ಎದೆಯ ಎಕ್ಸ್‌ರೇ ತೆಗೆಸಿ, ಆ ಪಟ್ಟಿಯನ್ನು ಮೂರು ಭಾಷೆಯಲ್ಲೂ ಇಡಲು ಹಣ ಕೇಳುವ ಒಂದು ವೆಬ್ ಪುಟವನ್ನೂ ನಾನು ಈವರೆಗೆ ಕಂಡಿಲ್ಲ. ಬಾಗೇಪಲ್ಲಿಯಲ್ಲಿ ಒಲೆಗಳನ್ನು ಒಂದೊಂದಾಗಿ ಲೆಕ್ಕವಿಟ್ಟವರಿದ್ದಾರೆ, ಬಂಗಾರಪೇಟೆಯಲ್ಲಿ ಠರಾವು ಬರೆಯಬಲ್ಲ ಹೆಂಗಸರಿದ್ದಾರೆ. ಎಣಿಕೆಗೆ ಬೇಕಾದ ಕೈಗಳು ಈ ಸೀಮೆಯಲ್ಲೇ ಇವೆ. ಅವರ ಒಂದು ವರ್ಷದ ಸಂಬಳ ಮತ್ತು ಎಕ್ಸ್‌ರೇ ಖರ್ಚನ್ನು ಯಾರಾದರೂ ಕೇಳಬೇಕಾಗಿದೆ.