ಶಾಪಾಶಯದ ಸಾಲು

ಹಲ್ಮಿಡಿ ಶಾಸನದ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಅದು ಏನು ಹೇಳುತ್ತದೆ ಎಂದರೆ ಎಂ.ಎ. ತರಗತಿಯಲ್ಲೂ ತಡವರಿಸುತ್ತಾರೆ. ಬೇಲೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರ ಆ 16 ಸಾಲುಗಳು ಒಂದು ದಾನಪತ್ರ. ಯುದ್ಧದಲ್ಲಿ ಮೆರೆದ ವಿಜಅರಸನ ಕತ್ತಿ ತೊಳೆದು ಎರಡು ಊರುಗಳನ್ನು ಕೊಟ್ಟರು. ಇದನ್ನು ಕದ್ದವನಿಗೆ ಮಹಾಪಾತಕ. ಕೊಟ್ಟ ಮಾತಿನ ಬೆನ್ನಿಗೇ ಕದಿಯುವವನ ಮಾತು! ಇಂಥ ಭಾಗವನ್ನು ಶಾಸನತಜ್ಞರು ಶಾಪಾಶಯ ಎನ್ನುತ್ತಾರೆ.

ನನ್ನ ಪಿಎಚ್.ಡಿ. ವಿಷಯ ಹೊಯ್ಸಳರ ಕಾಲದ ದತ್ತಿಗಳು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹಾಸನ ಸಂಪುಟದ ಜೆರಾಕ್ಸ್ ಹಿಡಿದು ಅರಸೀಕೆರೆ, ಬೇಲೂರು, ಹಳೇಬೀಡುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತೇನೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಬೇಲೂರು, ಹಳೇಬೀಡುಗಳಲ್ಲಿ ಮದನಿಕೆಯರ ಮುಂದೆ ನಿಲ್ಲಲು ಜಾಗವಿಲ್ಲ. ಪಕ್ಕದ ಶಾಸನದ ಕಲ್ಲಿನ ಹತ್ತಿರ ಯಾರೂ ಇರುವುದಿಲ್ಲ. 1117ರ ಬೇಲೂರಿನ ಚೆನ್ನಕೇಶವ, 1133ರ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ, ರೇಚರಸ 1220ರಲ್ಲಿ ಅರಸೀಕೆರೆಯಲ್ಲಿ ಮಾಡಿಸಿದ ಸಹಸ್ರಕೂಟ ಜಿನಾಲಯ: ದೇವರು ಬೇರೆ, ಲೆಕ್ಕದ ರೀತಿ ಒಂದೇ. ಊರಿನ ಹುಟ್ಟುವಳಿ, ಕೆರೆಯ ಕೆಳಗಿನ ಗದ್ದೆ, ಸುಂಕದಲ್ಲೊಂದು ಪಾಲು, ನಂದಾದೀಪಕ್ಕೆ ಗಾಣದ ಎಣ್ಣೆ. ಅದರಿಂದಲೇ ಪೂಜೆ, ಊಟ, ಪಾಠ. ದಾನಿ, ಪಡೆದವನು, ನಾಲ್ಕು ದಿಕ್ಕಿನ ಎಲ್ಲೆ ಎಲ್ಲವೂ ದಾಖಲು. ಗದ್ದೆ ಉತ್ತವರ ಹೆಸರನ್ನು ಮಾತ್ರ ಹುಡುಕಬೇಕು.

ಬೇಲೂರಿನ ಬಗ್ಗೆ ರೈಸ್ ತನ್ನ ಗೆಜೆಟಿಯರಿನಲ್ಲಿ ಒಂದು ಐತಿಹ್ಯ ದಾಖಲಿಸಿದ್ದಾನೆ. ಚೆನ್ನಿಗರಾಯ ಬಾಬಾಬುಡನ್‌ಗಿರಿಯಲ್ಲಿರುವ ದೇವಿಯನ್ನು ನೋಡಲು ಹೋಗಿಬರುತ್ತಾನಂತೆ. ಚಪ್ಪಲಿ ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚರ್ಮ ಕೆಲಸದವರಿಗೆ ಕನಸು ಬೀಳುತ್ತದೆ. ಹೊಸ ಜೋಡು ಒಪ್ಪಿಸಲು ಅವರಿಗೆ ಅಂಗಳದವರೆಗೆ ಪ್ರವೇಶ. ಅವರದೂ ದಾನವೇ, ಆದರೆ ಅದು ಉಳಿದದ್ದು ಕಥೆಯಾಗಿ.

ಅಂಥವರ ಮನೆಯಿಂದ ಬಂದ ನಾನು ಈ ಕಲ್ಲುಗಳನ್ನು ಓದುತ್ತಿರುವುದು ಇನ್ನೊಂದು ಶಾಸನದ ಬಲದಿಂದ. (ಕಲ್ಲಿನ ಬರಹಕ್ಕೂ ಕಾನೂನಿಗೂ ಕನ್ನಡದಲ್ಲಿ ಒಂದೇ ಪದವಿರುವುದು ನನಗೆ ಇಷ್ಟ.) 2013ರಲ್ಲಿ ಕರ್ನಾಟಕ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ತಂದಿತು. ಅಭಿವೃದ್ಧಿ ಹಣದಲ್ಲಿ ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಪಾಲು, ಶೇ. 24.1, ಅವರಿಗೇ ಮೀಸಲು. ಅದರಲ್ಲಿ ವಿಶ್ವವಿದ್ಯಾಲಯಕ್ಕೆ ಬರುವ ಅನುದಾನದಿಂದ ನನ್ನಂಥವರಿಗೆ ಶಿಷ್ಯವೇತನ. ಇಲ್ಲಿ ದತ್ತಿಯ ದಿಕ್ಕು ತಿರುಗಿದೆ; ದಾನ ಎನ್ನುವ ಪದಕ್ಕೂ ಜಾಗವಿಲ್ಲ, ಇದು ಪಾಲು.

ಆದರೆ ಈ ಶಾಸನದಲ್ಲಿ ಶಾಪಾಶಯ ಇರಬೇಕಾದ ಕಡೆ 7(ಡಿ) ಎಂಬ ಕಿಂಡಿಯಿತ್ತು. ಎಲ್ಲರಿಗಾಗಿ ಮಾಡುವ ಕಾಮಗಾರಿಯ ಒಂದು ಭಾಗವನ್ನು ಪರಿಶಿಷ್ಟರಿಗೆ ಖರ್ಚಾಯಿತೆಂದು ‘ಭಾವಿಸಿ’ ಲೆಕ್ಕ ತೋರಿಸಬಹುದಿತ್ತು. ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಅದನ್ನು ತೆಗೆದರು. ಅದೇ ವರ್ಷ ಸುಮಾರು 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿ ರೂಪಾಯಿಯಷ್ಟು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರಲ್ಲ ಎಂಬುದು ಸರ್ಕಾರದ ಉತ್ತರ. ಇದ್ದಾರೆ, ನಿಜ. ಎಲ್ಲರ ಜೊತೆ ಹೇಗೂ ಸಿಗಬೇಕಾದದ್ದನ್ನು ಅವರ ಪಾಲಿನಿಂದಲೇ ಕೊಟ್ಟರೆ ಪಾಲು ಎಲ್ಲಿ ಉಳಿಯಿತು?

ಹೊಯ್ಸಳರ ದತ್ತಿಗಳು ಸೂರ್ಯಚಂದ್ರರು ಇರುವವರೆಗೆ. ಕಸಿದುಕೊಂಡವನು 60 ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ. ನನ್ನ ಶಿಷ್ಯವೇತನ ಬಂದು ಏಳು ತಿಂಗಳಾಯಿತು. ಕಚೇರಿಯಲ್ಲಿ ಕೇಳಿದರೆ, “ಅನುದಾನ ಬಂದಿಲ್ಲಪ್ಪ, ಮುಂದಿನ ವಾರ ಬಾ” ಎನ್ನುತ್ತಾರೆ.