ಮುದುಕರ ಪಗಾರ: ರಾಯಚೂರು ಸೀಮೆಗೆ ಮಾಸಾಶನ ಬಂದ ದಾರಿ

ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಮುಪ್ಪಿನಲ್ಲಿ ಸರ್ಕಾರದ ಹಣ ಕಂಡವರು ಹೆಚ್ಚಾಗಿ ನೌಕರಿ ಮಾಡಿ ನಿವೃತ್ತರಾದವರೇ. ಹೊಲದಲ್ಲಿ ದುಡಿದು ಸವೆದವರಿಗೆ ಮಕ್ಕಳೇ ಆಸರೆ. ಮಕ್ಕಳಿಲ್ಲದವರು ಓಣಿಯವರು ಕೊಟ್ಟ ರೊಟ್ಟಿ, ಮಠದ ದಾಸೋಹ, ದರ್ಗಾದ ಲಂಗರನ್ನು ನಂಬಿ ಬದುಕುತ್ತಿದ್ದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ವೃದ್ಧಾಪ್ಯದಲ್ಲಿ ಸರ್ಕಾರ ನೆರವಾಗಬೇಕೆಂದು ಸಂವಿಧಾನದ 41ನೇ ವಿಧಿ ಹೇಳುತ್ತದೆ, ಆದರೆ ಅದು ರಾಜ್ಯದ ಆರ್ಥಿಕ ಶಕ್ತಿಗೆ ಒಳಪಟ್ಟ ಮಾತು. ಉತ್ತರ ಪ್ರದೇಶ 1957ರಲ್ಲೇ ವೃದ್ಧಾಪ್ಯ ವೇತನ ತಂದಿತು, ಮೈಸೂರು ರಾಜ್ಯದಲ್ಲಿ ಅದು 1965ರಲ್ಲಿ ಆರಂಭವಾಯಿತು. ಊರ ಬಾಯಲ್ಲಿ ಅದು 'ಮುದುಕರ ಪಗಾರ'.

ಪಗಾರ ಬಹುಕಾಲ ಬಂದದ್ದು ಮನಿಯಾರ್ಡರಿನಲ್ಲಿ. ಅಂಚೆಯವನು ಕಟ್ಟೆಯ ಮೇಲೆ ಕೂತು ಫಾರಂ ಬಿಚ್ಚಿ, ಅಜ್ಜಿಯ ಎಡಗೈ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿಸಿ, ಪಕ್ಕದವರ ಸಾಕ್ಷಿ ಸಹಿ ಹಾಕಿಸಿ ನೋಟು ಎಣಿಸುತ್ತಿದ್ದ. ಅದರಲ್ಲಿ ಅವನ 'ಚಹಾ ಖರ್ಚು' ಮುರಿದುಕೊಳ್ಳುವುದೂ ಉಂಟು. ಹಣ ತಡವಾಗಿಯಾದರೂ ಮನೆಯ ಬಾಗಿಲಿಗೇ ಬರುತ್ತಿತ್ತು ಎಂಬುದು ಆ ಪದ್ಧತಿಯ ಹೆಚ್ಚುಗಾರಿಕೆ.

1995ರ ಆಗಸ್ಟ್ 15ರಂದು ಕೇಂದ್ರವೂ ರಾಷ್ಟ್ರೀಯ ವೃದ್ಧಾಪ್ಯ ವೇತನ ಆರಂಭಿಸಿತು. 65 ದಾಟಿದವರಿಗೆ ತಿಂಗಳಿಗೆ 75 ರೂಪಾಯಿ. ಸ್ವಂತ ಆದಾಯವಾಗಲಿ ಕುಟುಂಬದ ಆಸರೆಯಾಗಲಿ ಇಲ್ಲದ ನಿರ್ಗತಿಕರಿಗೆ ಮಾತ್ರ ಅದು ಸಲ್ಲುತ್ತಿತ್ತು. ದೇವದುರ್ಗದಂಥ ತಾಲ್ಲೂಕಿಗೆ ಈ ಷರತ್ತು ಹೊಂದುವಂಥದ್ದಲ್ಲ. ಕೃಷ್ಣೆಯ ದಂಡೆಯಲ್ಲೇ ಇದ್ದರೂ ಅಲ್ಲಿನ ಬಹುಪಾಲು ಹೊಲ ಮಳೆಯನ್ನೇ ನೆಚ್ಚಿತ್ತು. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ಈ ತಾಲ್ಲೂಕನ್ನು ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿ ಇಟ್ಟಿತು. ಮಳೆ ಕೈಕೊಟ್ಟ ವರ್ಷ ಪ್ರಾಯದವರು ಗಂಟುಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದರೆ, ಊರಲ್ಲಿ ಉಳಿಯುವವರು ಮುದುಕರು ಮತ್ತು ಮೊಮ್ಮಕ್ಕಳು. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯಲ್ಲೂ ನೀರು ತಲುಪದ ಕೊನೆಯ ಭಾಗದ ಊರುಗಳ ಪಾಡು ಇದಕ್ಕಿಂತ ಬೇರೆಯಲ್ಲ. ಕಾಗದದಲ್ಲಿ ಮಗ ಇದ್ದಾನೆ, ಮನೆಯಲ್ಲಿ ಇಲ್ಲ.

ಈ ತೊಡಕು ಸಡಿಲಗೊಂಡದ್ದು 2007ರಲ್ಲಿ. ಆ ವರ್ಷ ರಾಜ್ಯ ಸರ್ಕಾರ ತಂದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಸಣ್ಣ ರೈತರು, ಕೂಲಿಕಾರರು, ನೇಕಾರರು ಮೊದಲಾದವರಿಗೆ ತಿಂಗಳಿಗೆ 400 ರೂಪಾಯಿ ಗೊತ್ತುಮಾಡಿತು. ಗಂಡ ಹೆಂಡಿರ ವಾರ್ಷಿಕ ಆದಾಯ 20,000 ರೂಪಾಯಿ ಮೀರಬಾರದು, ಆದರೆ ದುಡಿಯುವ ಮಕ್ಕಳ ಆದಾಯವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಗುಳೆಯ ನಾಡಿಗೆ ಮೊತ್ತಕ್ಕಿಂತ ಈ ಕೊನೆಯ ಮಾತೇ ದೊಡ್ಡದು. ಅದೇ ವರ್ಷ ಕೇಂದ್ರದ ಯೋಜನೆ ಇಂದಿರಾ ಗಾಂಧಿಯವರ ಹೆಸರು ಪಡೆದು ಬಡತನ ರೇಖೆಗಿಂತ ಕೆಳಗಿನವರಿಗೆಲ್ಲ ತೆರೆಯಿತು. 2011ರಲ್ಲಿ ಅದರ ವಯೋಮಿತಿ 60ಕ್ಕೆ ಇಳಿಯಿತು. 80 ತುಂಬದವರಿಗೆ ಕೇಂದ್ರ ಕೊಡುವ ಪಾಲು ಮಾತ್ರ ಇಂದಿಗೂ 200 ರೂಪಾಯಿ. ಉಳಿದದ್ದನ್ನು ರಾಜ್ಯ ತುಂಬುತ್ತ ಬಂದಿದೆ, 2021ರಲ್ಲಿ ಸಂಧ್ಯಾ ಸುರಕ್ಷಾ ಮೊತ್ತ 1,200 ರೂಪಾಯಿಗೆ ಏರಿತು.

ಅಷ್ಟರಲ್ಲಿ ಹಣದ ದಾರಿ ಬದಲಾಗಿ ಬ್ಯಾಂಕ್ ಖಾತೆ, ಆಧಾರ್ ಬಂದಿದ್ದವು. ಸೋರಿಕೆ ತಗ್ಗಿತು, ನಡಿಗೆ ಹೆಚ್ಚಿತು. ಹತ್ತಿ ಬಿಡಿಸಿ, ಭತ್ತದ ಸಸಿ ಹಚ್ಚಿ ಗೆರೆ ಸವೆದ ಹೆಬ್ಬೆರಳನ್ನು ಯಂತ್ರ ಒಪ್ಪದಿದ್ದರೆ ಸೆರಗಿಗೆ ಒರೆಸಿ ಮತ್ತೆ ಒತ್ತಬೇಕು, ಆಗಲೂ ಆಗದಿದ್ದರೆ ಇನ್ನೊಂದು ದಿನ ಬರಬೇಕು. ಅರ್ಜಿಯ ಅಲೆದಾಟ ತಪ್ಪಿಸಲು ಕಂದಾಯ ಇಲಾಖೆ 2021ರಲ್ಲಿ 'ಮನೆ ಬಾಗಿಲಿಗೆ ಮಾಸಾಶನ' ಅಭಿಯಾನ ನಡೆಸಿತು. ದಾಖಲೆಯಲ್ಲಿ 60 ತುಂಬಿದವರನ್ನು ಇಲಾಖೆಯೇ ಗುರುತಿಸಿ ಮಂಜೂರಾತಿ ಕೊಡುವ ಏರ್ಪಾಡು ಅದು. ಹುಟ್ಟಿದ ವರ್ಷವೇ ನೆನಪಿಲ್ಲದ ತಲೆಮಾರಿಗೆ ಆಧಾರಿನಲ್ಲಿ ಯಾರೋ ಬರೆಸಿದ ಇಸವಿಯೇ ಹಣೆಬರಹವಾಯಿತು.

ಹಣ ಹೀಗೆ ಬಂದರೂ ಆರೈಕೆ ಮನೆಯವರ ಪಾಲಿಗೇ ಉಳಿದಿದೆ. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಕಾನೂನು ಕೂಡ 2007ರದೇ, ಆದರೆ ಮಗನ ಮೇಲೆ ಅರ್ಜಿ ಹಾಕುವ ಮನಸ್ಸು ಹಳ್ಳಿಯ ಮುದುಕರಿಗೆ ಸುಲಭಕ್ಕೆ ಬರುವುದಿಲ್ಲ. ರಾಯಚೂರು ನಗರದಲ್ಲಿ ರಿಮ್ಸ್ ಆಸ್ಪತ್ರೆ ಇದೆ, ಹಾಸಿಗೆ ಹಿಡಿದವರನ್ನು ದೇವದುರ್ಗದಿಂದ ಅಲ್ಲಿಗೆ ಮುಟ್ಟಿಸಲು ಒಬ್ಬರು ಕೂಲಿ ಬಿಡಬೇಕು. ಮನೆಯಲ್ಲೇ ನೋಡಿಕೊಳ್ಳುವವರಿಗೆ ರಾಜ್ಯ ಸರ್ಕಾರ ಈಚೆಗೆ ತಿಂಗಳಿಗೆ 1,000 ರೂಪಾಯಿಯ ಆರೈಕೆದಾರರ ಭತ್ಯೆ ಘೋಷಿಸಿದೆ. ಅದು ಸಿಗುವುದು ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆಗೆ. ಬರೀ ಮುಪ್ಪು ಆ ಪಟ್ಟಿಯಲ್ಲಿಲ್ಲ.